ಆರು ಗಂಟೆ ನಡುಗಿದ ಬಿಲ್ಲೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಚಳಿಯಕ್ಕ ದಪ್ಪ ಕೈಗವಸು ತೊಟ್ಟು, ಆಳೆತ್ತರದ ಉಕ್ಕಿನ ಪಾತ್ರೆಗೆ ದ್ರವ ಹೀಲಿಯಂ ಹಾಯಿಸುತ್ತಿದ್ದಾರೆ. ಚಳಿಯಕ್ಕ ಎಂಬುದು ಸಹೋದ್ಯೋಗಿಗಳು ಇಟ್ಟ ಹೆಸರು. ಪಾತ್ರೆಯೊಳಗೆ ಅಂಗೈಯಗಲದ ಸಿಲಿಕಾನ್ ಬಿಲ್ಲೆ ತೂಗುತ್ತಿದೆ. ಅದು ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಗಿಳಿದ ಮೇಲೆ ಮೆಲ್ಲಗೆ ಮಿಡಿದು, ನಡುಕ ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆಯಬೇಕು.

ತಾರೆಗಳು ಡಿಕ್ಕಿ ಹೊಡೆದಾಗ ಏಳುವ ಗುರುತ್ವ ಅಲೆಯನ್ನು ಹಿಡಿಯುವ ಯಂತ್ರಕ್ಕೆ ಕನ್ನಡಿ ಬೇಕು; ಈ ಬಿಲ್ಲೆ ಆ ಕನ್ನಡಿಯ ವಸ್ತುವಿನ ಮಾದರಿ. ಕನ್ನಡಿಯ ವಸ್ತು ನಡುಕವನ್ನು ಒಳಗೇ ನುಂಗುವಂಥದ್ದಾದರೆ ಅದರದೇ ಗದ್ದಲದಲ್ಲಿ ಅಲೆ ಮುಚ್ಚಿಹೋಗುತ್ತದೆ. ಹೆಚ್ಚು ಹೊತ್ತು ನಡುಗುವುದೇ ಒಳ್ಳೆಯ ಬಿಲ್ಲೆ.

ಹತ್ತೊಂಬತ್ತು ವರ್ಷ, ಸಾವಿರದ ಚಿಲ್ಲರೆ ಬಿಲ್ಲೆ, ಒಡೆದದ್ದು ಎರಡೇ. ಎಡಗೈ ತೋರುಬೆರಳಿನ ತುದಿ ಚಳಿಗೆ ಸುಟ್ಟು ಮರಗಟ್ಟಿದೆ. ಕೆಲಸ ಇಂದಿಗೂ ಗುತ್ತಿಗೆಯದೇ.

ಮೂರು ವರ್ಷದ ಹಿಂದೆ ಬಂದ ಹೊಸ ಬಿಲ್ಲೆಗಳಲ್ಲಿ ನಡುಕ ನಾಲ್ಕೇ ನಿಮಿಷಕ್ಕೆ ಸತ್ತುಹೋಯಿತು. ಅಷ್ಟನ್ನೂ ಎಸೆಯಲು ಮುಖ್ಯಸ್ಥರು ಹೊರಟರು. "ಬಿಲ್ಲೇದು ತಪ್ಪಿಲ್ಲ ಸಾರ್, ಅದನ್ನ ಕಚ್ಚಿ ಹಿಡಿದಿರೋ ಹಿಡಿಕೆ ಚಳಿಗೆ ಕುಗ್ಗಿ ಉಜ್ಜುತ್ತಿದೆ" ಅಂದರು ಚಳಿಯಕ್ಕ. "ನೀವು ಹೀಲಿಯಂ ನೋಡ್ಕೊಳ್ಳಿ, ಸಾಕು" ಎಂಬ ಉತ್ತರ ಬಂತು.

ಚಳಿಯಕ್ಕ ಬಿಡಲಿಲ್ಲ. ಹನ್ನೊಂದು ದಿನ ಎರಡು ಗಂಟೆ ಮುಂಚೆ ಬಂದು, ಹಿಡಿಕೆ ಕಿತ್ತು, ಕೂದಲೆಳೆಯಂಥ ತಂತಿಯಲ್ಲಿ ಬಿಲ್ಲೆ ತೂಗುಹಾಕಲು ಒದ್ದಾಡಿದರು. ಗಂಟು ಜಾರದ ಹಾಗೆ ಬಿಗಿಯುವುದನ್ನು ಹೇಳಿಕೊಟ್ಟದ್ದು ದರ್ಜಿ ಗಂಡ. ಹನ್ನೆರಡನೆಯ ದಿನ ಅದೇ ಬಿಲ್ಲೆ ಆರು ಗಂಟೆ ನಡುಗಿತು!

ಈ ತಂತಿಯ ವಿಧಾನದ ಮೇಲೆ ಸಂಶೋಧನಾ ಲೇಖನ ಅಚ್ಚಾಯಿತು. ಹದಿನಾಲ್ಕು ಹೆಸರು. ಪಂಪು ಮಾರಿದ ಅಂಗಡಿಗೂ ಕೊನೆಯಲ್ಲಿ ಧನ್ಯವಾದ. ಚಳಿಯಕ್ಕನ ಸುದ್ದಿಯೇ ಇಲ್ಲ. ಸಾಲದ್ದಕ್ಕೆ 'ಹೊಸ ವಿಧಾನ' ಕಲಿಸಲು ಅವರ ಬಳಿಗೇ ಒಬ್ಬ ತರಬೇತುದಾರನನ್ನು ಕಳಿಸಿದರು.

"'ತಂತಿ ಹೀಗೆ ಸುತ್ತಬೇಕಮ್ಮಾ' ಅಂದ. 'ಸರಿಯಪ್ಪಾ, ಆದ್ರೆ ಗಂಟು ತಪ್ಪು ಕಡೆ ಹಾಕಿದೀಯ' ಅಂದೆ" ಎಂದು ನಗುತ್ತಾರೆ. ನಗು ಕಣ್ಣಿನವರೆಗೆ ಬರುವುದಿಲ್ಲ.

"ಬಾಯಿ ಬಿಟ್ಟು ಕೇಳೇ" ಎಂದು ಗಂಡ ಹುರಿದುಂಬಿಸಿದ ಮೇಲೆ, ತಮ್ಮ ಹೆಸರೇಕಿಲ್ಲವೆಂದು ಮುಖ್ಯಸ್ಥರನ್ನು ಕೇಳಿಯೂ ಕೇಳಿದರು. ವಿಜ್ಞಾನಿಗಳ ಹೆಸರು ಮಾತ್ರ ಹಾಕುವುದು ಪದ್ಧತಿಯಂತೆ. ಯಾರು ಮಾಡಿದ ಪದ್ಧತಿ? ಕೈ ಸುಟ್ಟುಕೊಂಡವರಂತೂ ಮಾಡಿದ್ದಲ್ಲ. ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಪಿಸುಮಾತು ಆಲಿಸುವವರಿಗೆ ನೆಲಮಾಳಿಗೆಯ ಮಾತು ಕೇಳಿಸದೆ?

ಈಗೇನು ಬೇಕು ಅಂದರೆ ಚಳಿಯಕ್ಕ ಕೈಗವಸು ಕಳಚುತ್ತಾ ಹೇಳುತ್ತಾರೆ: "ಮುಂದಿನ ಸಲ ತೂಗುಹಾಕಿದ್ದು ಯಾರು ಅಂತ ಒಂದು ಸಾಲು ಬರೀಲಿ. ಬಿಲ್ಲೆ ತಾನಾಗೇ ಹೋಗಿ ನೇತುಹಾಕ್ಕೊಳ್ಳಲಿಲ್ಲವಲ್ಲ!"