ಹುಗಿದ ಗಾಡಿ ದಾಟದ ಬಂಗಾರಣ್ಣ

ಬಂಗಾರಣ್ಣನ ಜೀಪು ಹತ್ತುವವರು ಕಾಲನ್ನು ಎಲ್ಲಿಡಬೇಕೆಂದು ಮೊದಲು ಅವನನ್ನೇ ಕೇಳಬೇಕಿತ್ತು. ಸೀಟಿನ ಕೆಳಗೆ ಜಾಕು, ಜಾಕು ಕೆಸರಿನಲ್ಲಿ ಹೂತುಹೋಗದಂತೆ ಅದರ ಅಡಿಗಿಡುವ ಹಲಸಿನ ಹಲಗೆ, ಕಬ್ಬಿಣದ ಸರಪಳಿ. ನಡುವೆ ಹಾರೆ, ಗುದ್ದಲಿ, ದಾರಿಗೆ ಬಿದ್ದ ಮರ ಕಡಿಯಲು ಕೊಡಲಿ. ಬಾಗಿಲ ಬದಿಗೆ ಗಾಳಿ ಹೊಡೆಯುವ ಪಂಪು, ಪಂಕ್ಚರ್ ಡಬ್ಬಿ, ನೀರಿನ ಕ್ಯಾನು. ಇವೆಲ್ಲದರ ಮೇಲೆ ಸುರುಳಿ ಸುತ್ತಿಟ್ಟ ದಪ್ಪನೆಯ ಹಗ್ಗ. ನಾನು ಮೊದಲ ಸಲ ಹತ್ತಿದಾಗ ಲಸಿಕೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ತಿಳಿಯದೆ ಆ ಹಗ್ಗದ ಮೇಲೆ ಕಾಲಿಟ್ಟೆ.

“ಅಕ್ಕೋರೆ, ಕಾಲು ತೆಗೀರಿ. ನಿಮ್ಮ ಸೂಜಿ ಮೇಲೆ ನಾ ಕಾಲಿಡ್ತೆನಾ?” ಎಂದ.

ನಾನು ಹಾನಗಲ್ ಕಡೆಯ ಬಯಲಿನವಳು. ನರ್ಸಾಗಿ ಸಿದ್ದಾಪುರ ತಾಲೂಕಿಗೆ ವರ್ಗವಾಗಿ ಬಂದಾಗ ನನಗೆ ಸಿಕ್ಕಿದ್ದು ನಿಲ್ಕುಂದದ ಸುತ್ತಲಿನ ಕೇರಿಗಳು. ಡಾಂಬರು ಮುಗಿದ ಮೇಲೆ ಕಾಡಿನ ಮಣ್ಣುದಾರಿ. ಮಳೆಗಾಲದಲ್ಲಿ ಬಸ್ಸು ದೂರದಲ್ಲೇ ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಬಂಗಾರಣ್ಣನ ಹಳೆಯ ಜೀಪೇ ಗತಿ. ಐವತ್ತು ದಾಟಿದ, ಮೊಣಕಾಲಿಗೆ ಲುಂಗಿ ಎತ್ತಿ ಕಟ್ಟಿದ ಆಸಾಮಿ. ಮಾತಿಗಿಂತ ಗೊಣಗಾಟ ಜಾಸ್ತಿ. ಹೊಳೆ, ಗದ್ದೆ, ಸರಕಾರ ಎಲ್ಲದರ ಮೇಲೂ ಗೊಣಗುತ್ತಿದ್ದ, ತನ್ನ ಜೀಪಿನ ಮೇಲೆ ಮಾತ್ರ ಇಲ್ಲ. ಅದನ್ನು ಅವನಲ್ಲದೆ ಇನ್ನೊಬ್ಬರು ಮುಟ್ಟುವಂತೆಯೂ ಇರಲಿಲ್ಲ.

ಅವನದೊಂದು ಕಟ್ಟಳೆ ಇತ್ತು. ದಾರಿಯ ಕೆಸರಿನಲ್ಲಿ ಹುಗಿದು ನಿಂತ ಗಾಡಿಯನ್ನು ದಾಟಿ ಹೋಗುವುದಿಲ್ಲ. ಯಾರದೇ ಇರಲಿ, ಎಷ್ಟೇ ಅವಸರವಿರಲಿ, ಇಳಿದು ಹಗ್ಗ ಕಟ್ಟಿ ಎಳೆದುಹಾಕಿಯೇ ಮುಂದಿನ ಮಾತು. ಎಳೆದ ಮೇಲೆ ಹಗ್ಗವನ್ನು ತೊಳೆದು, ಸುತ್ತಿ, ಅದರ ಜಾಗದಲ್ಲಿ ಇಡುವತನಕ ಜೀಪು ಕದಲುತ್ತಿರಲಿಲ್ಲ. ಮಂಜುಗಡ್ಡೆ ಕರಗಿ ನನ್ನ ಲಸಿಕೆ ಕೆಡುತ್ತದೆಂದು ನಾನು ಎಷ್ಟು ಬಡಕೊಂಡರೂ ಅಷ್ಟೆ.

“ಹಗ್ಗ ಹಂಗೇ ಎಸೆದು ಹೋದ್ರೆ ಮುಂದಿನ ತಿರುವಿಲಿ ಗಂಟು ಬಿಡಿಸ್ತಾ ಕೂರುದು ಯಾರು? ನೀವಾ?” ಎನ್ನುತ್ತಿದ್ದ.

ಒಮ್ಮೆ ಹಳ್ಳ ದಾಟುವಾಗ ಕಲ್ಲು ತಾಗಿ ಡೀಸೆಲ್ ಟ್ಯಾಂಕು ಸೋರತೊಡಗಿತು. ಅಂಥದ್ದಕ್ಕೆಂದೇ ಅವನು ಸಾಬೂನು ಇಟ್ಟುಕೊಳ್ಳುತ್ತಿದ್ದ. ಮೆದುವಾಗಿಸಿ ಬಿರುಕಿಗೆ ಒತ್ತಿದರೆ ಊರು ಮುಟ್ಟುವವರೆಗೆ ತಡೆಯುತ್ತದೆ. ಆವತ್ತು ನೋಡಿದರೆ ಡಬ್ಬಿಯಲ್ಲಿ ಸಾಬೂನಿಲ್ಲ. ಹೆಂಡತಿ ಮಾದೇವಿಯಕ್ಕ ಬಟ್ಟೆ ಒಗೆಯಲು ತೆಗೆದುಕೊಂಡು ಹೋಗಿದ್ದಳಂತೆ. ಬಂಗಾರಣ್ಣ ನನ್ನ ಚೀಲದ ಕಡೆ ನೋಡಿದ.

“ಅದು ನಾ ಕೈ ತೊಳಕೊಳ್ಳೋ ಸಾಬೂನ್ರಿ! ಮಕ್ಕಳಿಗೆ ಸೂಜಿ ಹಾಕೋಕಿಂತ ಮೊದಲ ಕೈ ತೊಳೀಬೇಕು!”

“ಕೈಗಾದ್ರೆ ಯಾರ ಮನೇಲಾದ್ರೂ ಕೇಳ್ಬೌದು ಅಕ್ಕೋರೆ. ಟ್ಯಾಂಕಿಗೆ ಇಲ್ಲಿ ಯಾರನ್ನ ಕೇಳುದು?”

ನನ್ನ ಚಂದನದ ಸಾಬೂನು ಟ್ಯಾಂಕಿನ ಹೊಟ್ಟೆಗೆ ಅಂಟಿತು. ಆ ದಿನವಿಡೀ ಜೀಪು ಘಮಘಮ ಎನ್ನುತ್ತಿತ್ತು. ಮರುವಾರ ಅವನ ಡಬ್ಬಿಯಲ್ಲಿ ಎರಡು ಸಾಬೂನು ಇದ್ದವು. ಬಟ್ಟೆ ಸಾಬೂನು ಜೀಪಿಗೆ, ಚಂದನದ್ದು ನನಗೆ. ಅದನ್ನು ಬಾಯಿಬಿಟ್ಟು ಹೇಳುವ ಜಾತಿಯ ಮನುಷ್ಯನಲ್ಲ. ಡಬ್ಬಿ ತೆರೆದು ತೋರಿಸಿ, ಗೊಣಗುತ್ತ ಮುಚ್ಚಿಟ್ಟ.

ಇನ್ನೊಮ್ಮೆ ಹುಬ್ಬಳ್ಳಿಯ ಹುಡುಗರು ಕಾಡುದಾರಿ ತುಳಿಯುವ ದೊಡ್ಡ ದೊಡ್ಡ ಗಾಡಿಗಳನ್ನು ತಂದಿದ್ದರು. ಬಂಗಾರಣ್ಣ ಇಳಿದು ನೋಡಿದವನು ನನ್ನನ್ನೂ ಲಸಿಕೆಯನ್ನೂ ಮರೆತೇಬಿಟ್ಟ. ಒಂದರ ಮೂತಿಗೆ ವಿಂಚ್ ಇತ್ತು. ಅದರ ತಂತಿಹಗ್ಗವನ್ನು ಮರಕ್ಕೆ ಬಿಗಿದು ಗುಂಡಿ ಒತ್ತಿದರೆ, ಗಾಡಿ ತನ್ನನ್ನು ತಾನೇ ಎಳೆದುಕೊಂಡು ಕೆಸರಿನಿಂದ ಎದ್ದು ಬರುತ್ತಿತ್ತು. ಹುಡುಗರು ಒಳ್ಳೆಯವರು. ಇವನ ಕೈಗೇ ಗುಂಡಿ ಕೊಟ್ಟರು. ಇವನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಅಂಥ ನಗುವನ್ನು ಅವನ ಮುಖದಲ್ಲಿ ನಾನು ಆಮೇಲೆ ಕಾಣಲಿಲ್ಲ. ಹೊರಡುವಾಗ ಅವರು ಒಂದು ಕಿತ್ತಳೆ ಬಣ್ಣದ ಎಳೆಯುವ ಪಟ್ಟಿಯನ್ನು ಕೊಟ್ಟು ಹೋದರು. ಕೊಳೆಯಾಗುತ್ತದೆಂದು ಅದನ್ನು ಒಮ್ಮೆಯೂ ಬಳಸಲಿಲ್ಲ, ಮಾದೇವಿಯಕ್ಕನ ಸೀರೆಗಳ ನಡುವೆ ಇಟ್ಟುಬಿಟ್ಟ.

ಪ್ರತಿವರ್ಷ ಮಳೆ ಹಿಡಿಯುವ ಮೊದಲು ಜೀಪಿನ ಸಾಮಾನನ್ನೆಲ್ಲ ಜಗಲಿಯ ಮೇಲೆ ಕಂಬಳಿ ಹಾಸಿ ಹರಡುತ್ತಿದ್ದ. ಜಾಕಿಗೆ ಎಣ್ಣೆ, ಕೊಡಲಿಗೆ ಸಾಣೆ. ಹಗ್ಗವನ್ನು ಗೇಣುಗೇಣಾಗಿ ಬೆರಳಾಡಿಸಿ ನೋಡುತ್ತಿದ್ದ. ಕಳೆದ ವರ್ಷ ನಾನು ಆ ಹೊತ್ತಿಗೆ ಅಲ್ಲಿದ್ದೆ. ಜಾಕು ಎತ್ತಿಕೊಂಡು ಹೋಗುತ್ತಿದ್ದವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಮುಖದ ತುಂಬ ಬೆವರು. ಎಡಗೈ ತಿಕ್ಕಿಕೊಳ್ಳುತ್ತಿದ್ದ.

“ಎಂತಾ ಇಲ್ಲೆ ಅಕ್ಕೋರೆ. ಜಾಕಿನ ಭಾರಕ್ಕೆ ಕೈ ಹಿಡ್ಕಂಡದೆ.”

ನಾನು ಬಿಡಲಿಲ್ಲ. ಮಾರನೆಯ ದಿನವೇ ಶಿರಸಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೃದಯದ ತೊಂದರೆ ಎಂದರು. ಭಾರ ಎತ್ತಬಾರದು, ಎಳೆಯಬಾರದು, ನೋವು ಬಂದರೆ ನಾಲಿಗೆಯಡಿಗೆ ಗುಳಿಗೆ ಇಟ್ಟುಕೊಂಡು ಸುಮ್ಮನೆ ಕೂರಬೇಕು, ಮಳೆ ಕಡಿಮೆಯಾದ ಮೇಲೆ ಹುಬ್ಬಳ್ಳಿಗೆ ಹೋಗಿ ಮುಂದಿನ ಚಿಕಿತ್ಸೆ ಮಾಡಿಸಿಕೊಳ್ಳಬೇಕು ಎಂದು ಹೇಳಿದರು. ಬರುವಾಗ ದಾರಿಯುದ್ದಕ್ಕೂ ನಾನು ಜಗಳ ತೆಗೆದೆ.

“ಇದೊಂದು ಮಳಿಗಾಲ ಜೀಪ್ ಓಡಸೋದು ಬಿಡ್ರಿ ಬಂಗಾರಣ್ಣ. ನಿಮ್ಮ ಕಾಲಿಗೆ ಬೀಳ್ತೇನಿ.”

“ಬಿಡ್ತೆ. ನೀವು ಹೆಂಗೆ ಬರ್ತ್ರಿ, ನಡಕಂಡಾ?”

“ನಡಕೊಂತ ಬರ್ತೇನ್ರಿ!”

“ಬನ್ನಿ ಹಂಗಾರೆ. ಉಂಬಳ ಕಚ್ಚಿದ್ರೆ ನಂಗೆ ಹೇಳ್ಬೇಡಿ,” ಎಂದು ಜೀಪಿನ ವೇಗ ಹೆಚ್ಚಿಸಿದ. ರಕ್ತ ಹೀರುವ ಆ ಉಂಬಳವೆಂದರೆ ನನಗೆ ಎಷ್ಟು ಹೆದರಿಕೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ನಾನು ಮೀಟಿಂಗಿಗೆಂದು ಸಿದ್ದಾಪುರದ ಆಸ್ಪತ್ರೆಯಲ್ಲಿದ್ದೆ. ಮಾದೇವಿಯಕ್ಕನ ಫೋನು ಬಂತು. ಬೆಳಗಿಂದ ಬಂಗಾರಣ್ಣನಿಗೆ ಎದೆ ನೋವಂತೆ, ಗುಳಿಗೆ ಇಟ್ಟರೂ ಇಳಿಯಲಿಲ್ಲವಂತೆ. ಮಲಗಿಸಿಯೇ ಇಡಿ, ಆಂಬುಲೆನ್ಸ್ ತರುತ್ತೇನೆ ಎಂದೆ. ಆಂಬುಲೆನ್ಸಿನ ಡ್ರೈವರೂ ನಾನೂ ಹೊರಟೆವು. ನಿಲ್ಕುಂದದ ಕಡೆಯ ಏರಿನಲ್ಲಿ ದಾರಿ ಬಂದ್. ಹಿಂಡಿ ಚೀಲ ಹೇರಿದ ಸಣ್ಣ ಲಾರಿಯೊಂದು ಚರಂಡಿಗೆ ಚಕ್ರ ಇಳಿಸಿ, ಹಿಂಭಾಗವನ್ನು ದಾರಿಗೆ ಅಡ್ಡ ಹಾಕಿಕೊಂಡು ಹುಗಿದಿತ್ತು. ಅದರ ಆಚೆ ಬಂಗಾರಣ್ಣನ ಜೀಪು ನಿಂತಿತ್ತು.

ಮಲಗಿರಬೇಕಾದ ಮನುಷ್ಯ ಆಂಬುಲೆನ್ಸಿಗೆ ಕಾಯದೆ ತಾನೇ ಜೀಪು ಓಡಿಸಿಕೊಂಡು ಬಂದಿದ್ದ. ಪಕ್ಕದ ಸೀಟಿನಲ್ಲಿ ಮಾದೇವಿಯಕ್ಕ ಅಳುತ್ತಿದ್ದಳು. ಅವನು ಕೆಸರಿನಲ್ಲಿ ಬಗ್ಗಿ ಲಾರಿಯ ಮುಂಭಾಗಕ್ಕೆ ಹಗ್ಗ ಬಿಗಿಯುತ್ತಿದ್ದ. ನಾನು ಲಾರಿಯ ಮಗ್ಗುಲಿಂದ ನುಸುಳಿ ಅವನ ಹತ್ತಿರ ಓಡಿದೆ.

“ಬಂಗಾರಣ್ಣ, ಬಿಡ್ರಿ ಅದನ್ನ! ಆಂಬುಲೆನ್ಸ್ ಇಲ್ಲೇ ಐತಿ, ನಾಲ್ಕು ಹೆಜ್ಜಿ ಬರ್ರಿ!”

“ತಡೀರಿ ಅಕ್ಕೋರೆ. ಇದೊಂದು ಎಳ್ದು ಹಾಕ್ತೆ.”

“ನಿಮ್ಮ ಎದಿ ನೋವು—”

“ಅದು ಇದ್ದೇ ಅದೆ. ಇದು ಹಿಂಗೇ ಇದ್ರೆ ಯಾರೂ ದಾಟುಕೆ ಆಗುದಿಲ್ಲ.”

ನಾನು ರಟ್ಟೆ ಹಿಡಿದೆ. ಕೊಡವಿಕೊಂಡು ಜೀಪು ಹತ್ತಿದ. ಲಾರಿಯ ಡ್ರೈವರು ಸ್ಟೀರಿಂಗ್ ಹಿಡಿದ, ನಮ್ಮ ಆಂಬುಲೆನ್ಸಿನವನೂ ನಾನೂ ಹಿಂದಿನಿಂದ ದೂಡಿದೆವು. ಬೇರೇನು ಮಾಡುವುದು? ಬೇಗ ಮುಗಿದರೆ ಸಾಕಿತ್ತು. ಜೀಪು ಹಿಂದಕ್ಕೆ ಸರಿಯುತ್ತ ಎಳೆಯಿತು, ಲಾರಿ ಎದ್ದು ಬಂತು. ಅವನು ಇಳಿದ. ಇನ್ನಾದರೂ ಬರುತ್ತಾನೆ ಎಂದುಕೊಂಡೆ. ಅವನು ಹಗ್ಗ ಬಿಚ್ಚಿದ. ದಾರಿ ಬದಿಯ ಎತ್ತರದ ದರೆಯಿಂದ ಸುರಿಯುತ್ತಿದ್ದ ನೀರಿಗೆ ಹಿಡಿದು ತೊಳೆದ. ಮೊಣಕೈಗೂ ಹೆಬ್ಬೆರಳಿಗೂ ಸುತ್ತತೊಡಗಿದ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕಸಿದುಕೊಳ್ಳಲು ಹೋದೆ, ಕೊಡಲಿಲ್ಲ. ಇಂದಿಗೂ ನನಗೆ ಆ ಹಗ್ಗದ ಮೇಲೆ ಸಿಟ್ಟಿದೆ. ಅವನ ಮೇಲೂ ಇದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ನನ್ನಿಂದ ಆಗುತ್ತಿಲ್ಲ.

ಹಗ್ಗ ಅದರ ಜಾಗ ಸೇರಿದ ಮೇಲೆ ಅವನ ಕಾಲು ಸೋತಿತು. ಎತ್ತಿಕೊಂಡು ಬಂದು ಆಂಬುಲೆನ್ಸಿನಲ್ಲಿ ಮಲಗಿಸಿದೆವು. ಮಾದೇವಿಯಕ್ಕ ಅವನ ಪಾದ ಹಿಡಿದು ಕೂತಳು. ಡಾಂಬರು ದಾರಿ ಸಿಕ್ಕಿದ ಮೇಲೆ ಕಣ್ಣು ತೆರೆದ.

“ಅಕ್ಕೋರೆ, ಜೀಪು ಬದಿಗೆ ಹಾಕಿದ್ರಾ?”

ಯಾರು ನೋಡಿದ್ದರು ಅದನ್ನೆಲ್ಲ! “ಹಾಕ್ಯಾರ್ರಿ. ನೀವು ಮಾತಾಡಬ್ಯಾಡ್ರಿ,” ಎಂದೆ.

“ಅಡ್ಡಿಲ್ಲೆ,” ಎಂದ. ಸಮಾಧಾನವಾದವನ ಹಾಗೆ ಕಣ್ಣು ಮುಚ್ಚಿದ. ಆಮೇಲೆ ತೆರೆಯಲಿಲ್ಲ. ಸಿದ್ದಾಪುರದ ಡಾಕ್ಟರು ಬಹಳ ಹೊತ್ತು ಎದೆ ಒತ್ತಿದರು. ಕೊನೆಗೆ ನನ್ನ ಮುಖ ನೋಡಿ ತಲೆಯಾಡಿಸಿದರು.

ಮಧ್ಯಾಹ್ನ ಕಳೆದ ಮೇಲೆ ಅದೇ ಗಾಡಿಯಲ್ಲಿ ಅವನನ್ನು ಮನೆಗೆ ಕರೆತಂದೆವು. ಏರು ಹತ್ತಿ ತಿರುಗಿದರೆ ಮುಂದೆ ದಾರಿಯಿಲ್ಲ. ಹಿಂಡಿಯ ಲಾರಿ, ಒಂದು ಕಾರು, ನಾಲ್ಕಾರು ಬೈಕುಗಳು ಸಾಲಾಗಿ ನಿಂತಿದ್ದವು. ಅವುಗಳ ಎದುರಿಗೆ, ದಾರಿಯ ನಟ್ಟನಡುವೆ, ಅವನು ಬಿಟ್ಟು ಬಂದಲ್ಲೇ ಜೀಪು ನಿಂತಿತ್ತು. ಕೀ ಅದರಲ್ಲೇ ಇತ್ತು. ಮಳೆಯಲ್ಲಿ ನೆನೆಯುತ್ತ ನಿಂತ ಜನ ಯಾರೂ ಅದನ್ನು ಮುಟ್ಟಿರಲಿಲ್ಲ. ಒಬ್ಬರೂ ಹಾರನ್ ಹೊಡೆಯುತ್ತಿರಲಿಲ್ಲ. ಲಾರಿಯ ಡ್ರೈವರು ನನ್ನ ಹತ್ತಿರ ಓಡಿ ಬಂದ.

“ನಾವು ತೆಗೀಲಿಲ್ಲ ಅಕ್ಕೋರೆ. ಅವರೇ ಬಂದು ತೆಗೀತಾರೆ, ಕಾಯ್ವ ಅಂದ್ಕಂಡ್ವಿ. ಹೆಂಗಿದ್ದಾರೆ?”

ಆಂಬುಲೆನ್ಸಿನ ಒಳಗಿಂದ ಮಾದೇವಿಯಕ್ಕನ ಅಳು ಅವನಿಗೂ ಕೇಳಿಸಿತು. ತಲೆಯ ಮೇಲಿನ ಟವೆಲ್ಲು ತೆಗೆದು ನಿಂತುಬಿಟ್ಟ.

“ಮೊದಲ ಆ ಜೀಪ್ ಬದಿಗೆ ಹಾಕ್ರಿ,” ಎಂದೆ ನಾನು. “ಹಾಕ್ಯಾರ ಅಂತ ಅವರಿಗೆ ಹೇಳೇನಿ.”