ಪಂಕ್ತಿಯಲ್ಲಿ ತಲೆ ಎಣಿಸಿದಾಗ

ಹರವೆ ಎಂಬ ಊರಿನ ಒಂದು ಗೃಹಪ್ರವೇಶದಲ್ಲಿ, ಅಡುಗೆಯವರಿಗೆ ಹೇಳಲೆಂದು ಊಟಕ್ಕೆ ಕುಳಿತವರನ್ನು ಬೆರಳು ತೋರಿಸಿ ಎಣಿಸುತ್ತಿದ್ದೆ. ಹದಿನೇಳು ಎನ್ನುತ್ತಿದ್ದಂತೆ ವೃದ್ಧರೊಬ್ಬರು ದಡಕ್ಕನೆ ಎದ್ದು, ಎರಡೂ ಕೈ ತಲೆಯ ಮೇಲಿಟ್ಟು ಸೆಟೆದು ನಿಂತರು. "ಕೂತ್ಕೊಳ್ಳಿ ಯಜಮಾನ್ರೇ, ಲೆಕ್ಕ ತಪ್ಪುತ್ತೆ" ಎಂದು ಗದರಿದೆ. ಅವರು ಎಲೆ ಬಿಟ್ಟು ಹೊರನಡೆದರು.

ಪಕ್ಕದಲ್ಲಿದ್ದ ಅವರ ಹೆಂಡತಿ ದಣಿದ ದನಿಯಲ್ಲಿ ಹೇಳಿದರು: "ಮಿಲ್ಟ್ರೀಲಿದ್ದಾಗ ಯುದ್ದದಲ್ಲಿ ಸೆರೆ ಸಿಕ್ಕಿದ್ರು ಮೇಷ್ಟ್ರೇ. ಅಲ್ಲಿ ದಿನಾ ಇಂಗೇ ಎಣುಸ್ತಿದ್ರಂತೆ, ಒಬ್ರು ಕಮ್ಮಿ ಆದ್ರೂ ಎಲ್ರಿಗೂ ಏಟು. ಐವತ್ತು ವರ್ಸಾಯ್ತು, ಮನೇಲಿ ಕೋಳೀನೂ ಎಣ್ಸಕ್ಕೆ ಬುಡಕಿಲ್ಲ."

ನಾನೇ ಊಟವನ್ನು ಆ ವೃದ್ಧರು ಕೂತಿದ್ದ ಜಗಲಿಗೆ ಒಯ್ದೆ. ಅವರು ಮುಟ್ಟಲಿಲ್ಲ.

ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿದವನು ನಾನು. ಈಗ ಪಂಕ್ತಿಯ ಮುಂದೆ ಬೆರಳು ಏಳುವುದಿಲ್ಲ. ಅನ್ನ ಉಳಿದರೆ ಉಳಿಯಲಿ.