ಹಳೆಯ ಕಂಪ್ಯೂಟರಿಗೆ ಹೊಂದುವ ಪರದೆ

ಬ್ಯಾಡಗಿಯಲ್ಲಿ ಅಳುವವರಿಗೆ ಒಂದು ಅನುಕೂಲವಿದೆ, ಯಾಕೆಂದು ಯಾರೂ ಕೇಳುವುದಿಲ್ಲ. ಮೆಣಸಿನಕಾಯಿ ಮಾರುಕಟ್ಟೆ ತುಂಬಿದ ದಿನ ರೈಲಿನಿಂದ ಇಳಿದವರೆಲ್ಲ ಮೂಗಿಗೆ ಸೆರಗನ್ನೋ ಟವೆಲನ್ನೋ ಹಿಡಿದು, ಕಣ್ಣೊರೆಸಿಕೊಳ್ಳುತ್ತಲೇ ನಡೆಯುತ್ತಾರೆ. ರಾಣೆಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುತ್ತಿದ್ದ ನಾನೂ ಆ ಗುಂಪಿನಲ್ಲಿ ಸೇರಿಕೊಂಡುಬಿಡುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದ ಕಾಲ ಅದು.

ನನ್ನ ಮದುವೆ ಮುಗಿದುಹೋಗಿತ್ತು. ಹಾವೇರಿಯ ಕೋರ್ಟಿನಲ್ಲಿ ಸಹಿ ಹಾಕಿ ಹೊರಬಂದ ಮೇಲೆ ತವರಿನ ಹಿರಿಯರು ಕೂತು ಮಾತಾಡಿದರು. ತವರೂ ಹಾವೇರಿಯೇ. ತಂಗಿಗೆ ಗಂಡು ನೋಡುತ್ತಿದ್ದರು. ನೋಡಲು ಬಂದವರಿಗೆ ನಾನು ನೀರು ತಂದುಕೊಟ್ಟರೆ ಮಾತು ಬೇರೆಲ್ಲಿಗೋ ಹೋಗುತ್ತದೆ ಎಂಬ ಹೆದರಿಕೆ ಅವರಿಗೆ. ಹೋಗು ಅಂತ ಯಾರೂ ಅನ್ನಲಿಲ್ಲ. "ಸ್ವಲ್ಪ ದಿನ ರಾಣೆಬೆನ್ನೂರಾಗ ಇರು, ನಿನಗೂ ಆರಾಮ ಆಕ್ಕೈತಿ" ಅಂದರು, ಅಷ್ಟೇ. ಹಾಗಾಗಿ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಅಂಗಡಿಯ ಮೇಲಿನ ಕೋಣೆ ನನ್ನ ಪಾಲಿಗೆ ಬಂತು. ಸಂಜೆ ಅಂಗಡಿಯವರು ಶಟರ್ ಎಳೆದುಕೊಂಡು ಹೋದರೆ ಆ ಇಡೀ ಕಟ್ಟಡಕ್ಕೆ ನಾನೊಬ್ಬಳೇ. ಒಲೆ ಹಚ್ಚುವಾಗ, ಬಟ್ಟೆ ಮಡಚುವಾಗ ಬಾಯಿಬಿಟ್ಟು ಮಾತಾಡಿಕೊಳ್ಳುವ ಚಟ ನನಗೆ ಅಂಟಿದ್ದು ಅಲ್ಲಿಯೇ. ಮೊದಮೊದಲು ನಾಚಿಕೆಯಾಯಿತು, ಆಮೇಲೆ ರೂಢಿಯಾಯಿತು.

ಕೆಲಸ ಬ್ಯಾಡಗಿಯಲ್ಲಿ. ಮೆಣಸಿನಕಾಯಿ ವ್ಯಾಪಾರ ಮಾಡಿ ಮಕ್ಕಳಿಗೆ ಬಿಟ್ಟುಕೊಟ್ಟಿದ್ದ ಯಜಮಾನರೊಬ್ಬರು ತಮ್ಮ ಗೋದಾಮಿನ ಮಾಳಿಗೆಯ ಮೇಲೆ ಹೆಂಗಸರಿಗಾಗಿ ಪುಕ್ಕಟೆ ಕಂಪ್ಯೂಟರ್ ತರಗತಿ ತೆರೆದಿದ್ದರು. ಹಾವೇರಿಯ ಯಾವುದೋ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯ ಎಂಟನ್ನು ಇವರು ತಂದುಕೊಂಡಿದ್ದರು. ಒಳಗಿದ್ದುದನ್ನೆಲ್ಲ ಅಳಿಸಿಯೇ ಕೊಟ್ಟಿದ್ದರು. ಕಲಿಸುವವಳು ನಾನೊಬ್ಬಳು. ಯಜಮಾನರು ಮೊದಲ ದಿನವೇ ಖಡಾಖಂಡಿತ ಹೇಳಿದ್ದರು: "ನೋಡ್ರಿ ಅಕ್ಕಾರ, ಹೆಣ್ಣಮಕ್ಕಳು ನಿಂತು ಕಲತ್ರ ಛಲೋ. ಬರೂದ ಬಿಟ್ರಂದ್ರ ಸುಗ್ಗಿಗೆ ಈ ಖೋಲಿ ನನಗ ಚೀಲ ಇಡಾಕ ಬೇಕು."

ಅವರಿಗೆ ಅದು ಖೋಲಿಯ ಮಾತು. ನನಗೆ ಹಾಗಲ್ಲ. ಹೊತ್ತು ಹುಟ್ಟಿ ಮುಳುಗುವುದರೊಳಗೆ ಯಾರಾದರೂ ನನ್ನನ್ನು ಕರೆಯುತ್ತಿದ್ದ ಜಾಗ ಅದೊಂದೇ. "ಅಕ್ಕಾರ, ಇಲ್ಲಿ ಬರ್ರಿ" ಅಂತ ಒಬ್ಬಳು ಕೂಗಿದರೆ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಆ ಖೋಲಿಯಲ್ಲಿ ಚೀಲ ತುಂಬಿದರೆ ನಾನು ಎಲ್ಲಿಗೆ ಹೋಗಲಿ?

ಆದರೆ ಹೆಂಗಸರು ನಿಲ್ಲುತ್ತಿರಲಿಲ್ಲ. ತಪ್ಪು ಅವರದಲ್ಲ, ಕಂಪ್ಯೂಟರಿನದು. ಹಾವೇರಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೊಂಡ ಪತ್ರಿಕೆಯೊಂದರ ಜೊತೆ ಬಂದ, ಕಂಪ್ಯೂಟರು ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸಿನ ಸಿಡಿಯನ್ನು ನಾನು ಎಂಟಕ್ಕೂ ಹಾಕಿದ್ದೆ. ಅದರಲ್ಲಿ ತಾನಾಗಿಯೇ ಬರುತ್ತಿದ್ದ ಡೆಸ್ಕ್‌ಟಾಪ್, ಅಂದರೆ ಕಣ್ಣಿಗೆ ಕಾಣುವ ಪರದೆ, ನೋಡಲು ಮದುಮಗಳ ಹಾಗಿತ್ತು. ನೆರಳು ಬಿದ್ದ ಕಿಟಕಿಗಳು, ಮಿರಿಮಿರಿ ಮಿನುಗುವ ಪಟ್ಟಿ, ಒತ್ತಿದರೆ ಕುಣಿಯುವ ಚಿತ್ರಗಳು. ನೂರಿಪ್ಪತ್ತೆಂಟು ಎಂಬಿ ಮೆಮೊರಿಯ ಮುದಿ ಕಂಪ್ಯೂಟರಿಗೆ ಈ ಶೃಂಗಾರ ಹೊರುವುದು ಸಾಧ್ಯವೇ? ಬಟನ್ ಒತ್ತಿ ಕೂತರೆ ಒಳಗಿನ ಡಿಸ್ಕು ಗರಗರ ಅನ್ನುತ್ತಿತ್ತು, ಪರದೆ ಮಾತ್ರ ಬರುತ್ತಿರಲಿಲ್ಲ. ಅಷ್ಟರಲ್ಲಿ ಕುಕ್ಕರಿಟ್ಟಿದ್ದರೆ ಅನ್ನವಾಗುತ್ತಿತ್ತು. ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸಿ ಬಂದ ಹೆಂಗಸರು ಉರಿಯುವ ಬೆರಳುಗಳನ್ನು ಊದಿಕೊಳ್ಳುತ್ತ ಕಾದು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು. ಅವರು ಹಿಡಿದುಬಿಟ್ಟ ಮೌಸನ್ನು ನಾನು ಒರೆಸದೆ ಹಿಡಿದು, ಅದೇ ಕೈಯಲ್ಲಿ ಕಣ್ಣು ಮುಟ್ಟಿಕೊಂಡು ಒದ್ದಾಡುತ್ತಿದ್ದೆ.

ಅವರಲ್ಲಿ ಒಬ್ಬಾಕೆ ಕಾಗಿನೆಲೆಯಿಂದ ಬರುತ್ತಿದ್ದರು. ನನಗಿಂತ ಹಿರಿಯರು. ಅಲ್ಲಿ ಯಾತ್ರೆಯ ಜನರಿಗೆ ಕಾಯಿ, ಬಾಳೆಹಣ್ಣು ಮಾರುವ ಅಂಗಡಿ ಅವರದು. "ನನ್ನ ಅಂಗಡಿ ಮುಂದ ಚಪ್ಪಲಿ ಬಿಡಬ್ಯಾಡ್ರಿ ಅಂತ ಒಂದ ಬೋರ್ಡ್ ನಾನ ಬರೀಬೇಕ್ರಿ" ಅನ್ನುವುದಷ್ಟೇ ಅವರ ಆಸೆ. ಬಾಯಿಂದ ಹೇಳಿ ಹೇಳಿ ಸಾಕಾಗಿದೆಯಂತೆ. ಒಂದು ದಿನ ಅವರೂ ಚೀಲ ಹೆಗಲಿಗೆ ಹಾಕಿಕೊಂಡರು. "ಇದು ಎದ್ದು ಕುಂದರೂದರಾಗ ನಮ್ಮ ಬಸ್ ಹೊಕ್ಕೈತ್ರಿ ಅಕ್ಕಾರ. ಬ್ಯಾಸರ ಮಾಡ್ಕೋಬ್ಯಾಡ್ರಿ" ಅಂದರು. ಅವತ್ತು ಖಾಲಿ ಕುರ್ಚಿಗಳ ನಡುವೆ ಕೂತು ನಾನು ಆ ಚೆಂದದ ಪರದೆಯನ್ನು ಮನಸಾರೆ ಬೈದೆ.

ಮುಂದಿನ ಭಾನುವಾರ ಯಜಮಾನರ ಮನೆಯಿಂದ ಕೀಲಿ ಇಸಕೊಂಡು ಒಬ್ಬಳೇ ಬಂದೆ. ಕೋಣೆಯಲ್ಲಿ ಒಬ್ಬಳೇ ಕಳೆಯುವ ಭಾನುವಾರ ನನಗೆ ಹೇಗೂ ಆಗಿಬರುತ್ತಿರಲಿಲ್ಲ. ಲಿನಕ್ಸಿನ ಒಂದು ಗುಣವೆಂದರೆ, ಒಳಗಿನದು ಅದೇ ಇದ್ದು ಮೇಲಿನ ಪರದೆಯನ್ನು ಮಾತ್ರ ಬದಲಿಸಬಹುದು. ಅತಿ ಹಗುರವಾದ ಒಂದನ್ನು ಹಾಕಿದೆ. ಬಟನ್ ಒತ್ತಿದ ಸ್ವಲ್ಪ ಹೊತ್ತಿಗೇ ಬಂದು ನಿಂತಿತು. ಚಿತ್ರವಿಲ್ಲ, ಪಟ್ಟಿಯಿಲ್ಲ, ಬರಿಯ ಕಪ್ಪು. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಬೇಕಾದ್ದೆಲ್ಲ ಸಾಲಾಗಿ ಇಳಿಯುತ್ತಿತ್ತು. ಗೆದ್ದೆ ಎಂದುಕೊಂಡೆ. ಹೇಳಿಕೊಳ್ಳಲು ಯಾರೂ ಇರಲಿಲ್ಲವಾದ್ದರಿಂದ ಕಿಟಕಿಗೇ ಹೇಳಿದೆ.

ಸೋಮವಾರ ಹೆಂಗಸರು ಬಟನ್ ಒತ್ತಿದರು, ಕಪ್ಪು ಪರದೆ ನೋಡಿದರು. "ಕರೆಂಟ್ ಹೋತ್ರಿ" ಅಂದಳು ಒಬ್ಬಳು. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರಿನವರಿಗೆ ಕಪ್ಪು ಪರದೆಗೆ ಬೇರೆ ಅರ್ಥವೇ ಇಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕರೆಂಟು ಹೋದರೆ ಪ್ಲಗ್ ಕೀಳಬೇಕು, ಬಂದಾಗ ಜೋರಾಗಿ ಬಂದು ಸುಟ್ಟುಬಿಡುತ್ತದೆ ಎಂದು ಕಲಿಸಿದವಳು ನಾನೇ. ಎಲ್ಲರೂ ಚಕಚಕನೆ ಪ್ಲಗ್ ಕಿತ್ತು, ಸೆರಗು ಸರಿಮಾಡಿಕೊಂಡು ಮನೆಗೆ ಹೊರಟರು. ನಾನು ಫ್ಯಾನಿನ ಕಡೆ ಕೈ ತೋರಿಸುವುದರೊಳಗೆ ಮೆಟ್ಟಿಲು ಇಳಿದಾಗಿತ್ತು.

ಇನ್ನೊಂದು ಭಾನುವಾರ. ಈ ಸಲ ಇಲಿಯ ಗುರುತಿನ ಇನ್ನೊಂದು ಪರದೆ ಹಾಕಿದೆ. ಅದು ಮೊದಲನೆಯದರಷ್ಟು ಭಾರವೂ ಅಲ್ಲ, ಎರಡನೆಯದರಷ್ಟು ಬೋಳೂ ಅಲ್ಲ. ಕೆಳಗೊಂದು ಪಟ್ಟಿ, ಮೂಲೆಯಲ್ಲೊಂದು ಗುಂಡಿ, ನಡುವೆ ಬೇಕಾದಷ್ಟು ಚಿತ್ರಗಳು. ಬೇಗ ಏಳುತ್ತಿತ್ತು. ಕಪ್ಪು ಪರದೆಯ ಪಾಠ ನೆನಪಿದ್ದುದರಿಂದ ಹೆಂಗಸರಿಗೆ ಹತ್ತಿರವಾದುದು ಏನಾದರೂ ಇರಲಿ ಎಂದು ಹಿಂದುಗಡೆ ಲಕ್ಷ್ಮಿಯ ದೊಡ್ಡ ಪಟ ಹಾಕಿದೆ. ಚಿತ್ರಗಳನ್ನು ದೊಡ್ಡವು ಮಾಡಿ ಕಣ್ಣಿಗೆ ಬೀಳುವ ಹಾಗೆ ಮಧ್ಯದಲ್ಲೇ ಜೋಡಿಸಿದೆ.

ಹೆಂಗಸರು ಬಂದವರು ಚಪ್ಪಲಿ ಬಾಗಿಲಾಚೆ ಬಿಟ್ಟು, ಪರದೆಗೆ ಕೈಮುಗಿದು, ಕೂತರು. ಆದರೆ ಮೌಸು ಮುಟ್ಟಲೊಲ್ಲರು. ನಾನು ಕಾಗಿನೆಲೆಯವರ ಬಳಿಗೆ ಹೋಗಿ, "ಒತ್ರಿ" ಅಂದೆ.

"ಹೆಂಗ ಒತ್ತೂದ್ರಿ ಅಕ್ಕಾರ? ಆ ಮೌಸಿನ ಬಾಣ ತಾಯಿ ಮುಖದ ಮ್ಯಾಲೆ ಹೊಕ್ಕೈತಿ. ಹಣಿ ಮ್ಯಾಲೆ ಟಕ್ ಅನ್ನಸೂದೇನ್ರಿ?"

ಅದನ್ನೂ ಸರಿಪಡಿಸಬಹುದಿತ್ತು, ಚಿತ್ರಗಳನ್ನು ಅಂಚಿಗೆ ಸರಿಸಿದೆ. ಆ ಶನಿವಾರ ಬೆಳಿಗ್ಗೆ ಬಂದರೆ ಎಂಟೂ ಕಂಪ್ಯೂಟರು ಚಾಲೂ ಇದ್ದವು, ಖೋಲಿ ಬಿಸಿಯಾಗಿ ಹೋಗಿತ್ತು. ಎಂದೂ ಇಲ್ಲದ್ದು, ರಾತ್ರಿಯಿಡೀ ಕರೆಂಟೂ ಹೋಗಿರಲಿಲ್ಲ. ಹಿಂದಿನ ಸಂಜೆ ನನಗೆ ರೈಲಿನ ಅವಸರವಿದ್ದು, ಆರಿಸಿ ಕೀಲಿ ಹಾಕಿರೆಂದು ಹೇಳಿ ಹೊರಟಿದ್ದೆ. ಕೀಲಿ ಹಾಕಿದ್ದರು. ಶುಕ್ರವಾರ ದೀಪ ಹಚ್ಚುವ ಹೊತ್ತಿನಲ್ಲಿ ಲಕ್ಷ್ಮಿಯನ್ನು ಆರಿಸಿ ಹೋಗಲು ಮಾತ್ರ ಒಬ್ಬಳಿಗೂ ಮನಸ್ಸು ಬಂದಿರಲಿಲ್ಲ. ಯಜಮಾನರಿಗೆ ಹೇಗೋ ಗೊತ್ತಾಯಿತು. ಸಿಟ್ಟು ಮಾಡುತ್ತಾರೆಂದು ನಾನು ಕಾದರೆ, ಅವರು ಸ್ವಲ್ಪ ಯೋಚಿಸಿ, "ಅವ್ರು ಮಾಡಿದ್ದು ಬರೋಬರಿ ಐತಿ. ಪಟ ಹಚ್ಚಿದ್ದು ನಿಮ್ಮ ತಪ್ಪು" ಅಂದರು.

ಆಮೇಲೆ ನಾನು ಹಟಕ್ಕೆ ಬಿದ್ದೆ. ಸೇರಿಸುವುದನ್ನು ಬಿಟ್ಟು ತೆಗೆಯಲು ಶುರುಮಾಡಿದೆ. ಪಟ ಹೋಯಿತು, ಅದರ ಜಾಗಕ್ಕೆ ಎಳೆ ಹಸಿರು ಬಣ್ಣ ಬಂತು. ಗಡಿಯಾರ ಉಳಿಸಿದೆ, ಬಸ್ಸು ಹಿಡಿಯುವವರಿಗೆ ಅದು ಬೇಕು. ಎರಡು ಸಲ ಬೇಗಬೇಗ ಒತ್ತುವುದು ಉರಿಯುವ ಬೆರಳಿನವರಿಗೆ ಆಗುತ್ತಿರಲಿಲ್ಲ, ಒಂದೇ ಸಲ ಒತ್ತಿದರೆ ತೆರೆಯುವ ಹಾಗೆ ಮಾಡಿದೆ. ಕಡೆಗೆ ಉಳಿದದ್ದು ನಾಲ್ಕು ದೊಡ್ಡ ಚಿತ್ರ. ಅವುಗಳ ಕೆಳಗೆ ಅವರ ಬಾಯಿಯ ಮಾತನ್ನೇ ಬರೆದೆ: ಬರಿಯೂದು, ಲೆಕ್ಕ, ಚಿತ್ರ, ಮುಗಿಸೂದು. ಎಷ್ಟೋ ಭಾನುವಾರಗಳು ಇದರಲ್ಲಿ ಕಳೆದವು. ಯಾವ ಕಡೆಯಿಂದ ಎಡವುತ್ತಾರೆ, ಎಲ್ಲಿ ಹೆದರುತ್ತಾರೆ ಎಂದು ಒಬ್ಬೊಬ್ಬರನ್ನೂ ನೆನೆಸಿಕೊಂಡು ಖಾಲಿ ಕುರ್ಚಿಗಳಲ್ಲಿ ಅವರ ಹಾಗೆಯೇ ಕೂತು ನೋಡುತ್ತಿದ್ದೆ. ಮದುವೆಯಾದಾಗ ಒಬ್ಬ ಮನುಷ್ಯನ ಬಗ್ಗೆಯೂ ನಾನು ಅಷ್ಟು ಯೋಚಿಸಿರಲಿಲ್ಲ. ಬಹುಶಃ ಅವನೂ ನನ್ನ ಬಗ್ಗೆ ಯೋಚಿಸಿರಲಿಲ್ಲ.

ಈ ಸಲ ಹೆಂಗಸರು ನಿಂತರು. ಬಿಟ್ಟು ಹೋಗಿದ್ದವರೂ ಒಬ್ಬೊಬ್ಬರಾಗಿ ಮರಳಿದರು. ಮೊದಲ ಕೆಲವು ವಾರ ನನ್ನ ಜೀವನದ ಒಳ್ಳೆಯ ವಾರಗಳು. ಈ ಮೂಲೆಯಿಂದ "ಅಕ್ಕಾರ, ಇಲ್ಲಿ ಬರ್ರಿ", ಆ ಮೂಲೆಯಿಂದ "ಅಕ್ಕಾರ, ಇದ ಎಲ್ಲಿ ಹೋತು ನೋಡ್ರಿ". ಕೂರಲು ಪುರಸೊತ್ತಿರುತ್ತಿರಲಿಲ್ಲ. ಪ್ಯಾಸೆಂಜರಿನಲ್ಲಿ ಕಾಲು ನೋಯುತ್ತಿದ್ದರೂ ಹಿತವಾಗಿತ್ತು. ಕಾಗಿನೆಲೆಯವರ ಬೋರ್ಡು ಒಂದು ಹಾಳೆಯ ತುಂಬ ಅಚ್ಚಾಗಿ ಬಂದ ದಿನ ಅವರು ನನಗೆ ಬಾಳೆಹಣ್ಣಿನ ಚಿಪ್ಪು ತಂದುಕೊಟ್ಟರು. ಒಬ್ಬಳೇ ಎಷ್ಟು ತಿನ್ನಲಿ, ಅರ್ಧ ಕಪ್ಪಾಗಿ ಹೋದವು.

ನಂತರ ಕರೆಯುವುದು ಕಡಿಮೆಯಾಯಿತು. ನನಗೆ ಕೂಡಲೇ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಖೋಲಿಯಲ್ಲಿ ಕೀಲಿಮಣೆಯ ಟಕಟಕ ಬಿಟ್ಟರೆ ಬೇರೆ ಸದ್ದೇ ಇಲ್ಲ ಅನ್ನುವುದು ಗಮನಕ್ಕೆ ಬಂತು. ಒಬ್ಬೊಬ್ಬರ ಹಿಂದೆ ಹೋಗಿ ನಿಂತೆ. ಎಲ್ಲರೂ ಸರಿಯಾಗಿಯೇ ಮಾಡುತ್ತಿದ್ದರು. ಎಡವುವ ಜಾಗಗಳನ್ನೆಲ್ಲ ನಾನೇ ತೆಗೆದುಹಾಕಿದ್ದೆನಲ್ಲ. ಯಜಮಾನರು ಮೇಲೆ ಬಂದು ನೋಡಿ, ಚೀಲ ಇಡಲು ಬೇರೆ ಜಾಗ ನೋಡಿಕೊಳ್ಳುವುದಾಗಿ ಹೇಳಿ, "ಇನ್ನ ನಿಮಗೂ ಆರಾಮ ಆತ್ ಬಿಡ್ರಿ" ಎಂದು ಖುಷಿಯಿಂದ ಇಳಿದು ಹೋದರು. ಈ ಆರಾಮ ಎಂಬ ಪದ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ವಾರ ಹಾವೇರಿಗೂ ಹೋಗಿಬಂದೆ. ತಂಗಿಯ ಮದುವೆ ಗೊತ್ತಾಗಿತ್ತು. ಊಟವಾದ ಮೇಲೆ ಯಾರೂ ಇವತ್ತು ಇದ್ದು ಹೋಗು ಅನ್ನಲಿಲ್ಲ, ನಾನೂ ಚೀಲ ಎತ್ತಿಕೊಂಡೆ. ಭಾನುವಾರ ಮತ್ತೆ ಕೀಲಿ ಇಸಕೊಂಡು ಮಾಳಿಗೆ ಹತ್ತಿದೆ. ಮಾಡಲು ಏನೂ ಕೆಲಸ ಉಳಿದಿರಲಿಲ್ಲ. ಮೊದಲಿನ ಭಾರದ ಪರದೆಯ ಸಿಡಿ ಡ್ರಾಯರಿನಲ್ಲೇ ಇತ್ತು. ಮತ್ತೆ ಹಾಕಿದರೆ ಕಂಪ್ಯೂಟರುಗಳು ಮತ್ತೆ ನಿಂತುಹೋಗುತ್ತವೆ, ಮತ್ತೆ ನನ್ನನ್ನು ಕರೆಯುತ್ತಾರೆ. ಹಾಗೆ ಅನ್ನಿಸಿದ್ದು ಖರೆ. ಹಾಕಲಿಲ್ಲ. ಕಂಪ್ಯೂಟರುಗಳ ಮೇಲಿನ ಕೆಂಪು ಧೂಳು ಒರೆಸಿ, ಬೇಗನೆ ಸ್ಟೇಷನ್ನಿಗೆ ಹೋಗಿ ಕೂತೆ.

ಮರುದಿನ ಹೊಸಬಳೊಬ್ಬಳು ಬಂದಳು. ಮದುವೆಯಾಗಿ ಬ್ಯಾಡಗಿಗೆ ಬಂದ ಹುಡುಗಿ, ಬಾಗಿಲಲ್ಲೇ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು. ನಾನು ಕುರ್ಚಿ ಸರಿಸಿ ಲಗುಬಗೆಯಿಂದ ಎದ್ದೆ. ಅಷ್ಟರಲ್ಲಿ ಕಾಗಿನೆಲೆಯವರು ಆಕೆಯ ಕೈ ಹಿಡಿದು ಕರೆತಂದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡಾಗಿತ್ತು. "ಒಮ್ಮೆ ಒತ್ತು, ಸಾಕು. ಹೆದರಬ್ಯಾಡವಾ, ಏನೂ ಕೆಡಂಗಿಲ್ಲ" ಅನ್ನುತ್ತಿದ್ದರು. ನಾನು ನಿಂತದ್ದು ಕಂಡು ನನ್ನ ಕಡೆ ತಿರುಗಿ, ಬಲು ಪ್ರೀತಿಯಿಂದ ಹೇಳಿದರು:

"ನೀವು ಯಾಕ ಏಳ್ತೀರಿ ಅಕ್ಕಾರ, ಎಷ್ಟ್ ದಣದೀರಿ. ಕುಂದರ್ರಿ. ನಾವು ನೋಡ್ಕೋತೇವಿ."

ನಾನು ಕೂತೆ. ನನ್ನ ಮುಂದಿನ ಕಂಪ್ಯೂಟರಿನಲ್ಲಿ ಆ ನಾಲ್ಕು ಚಿತ್ರಗಳು ಬಂದು ನಿಂತಿದ್ದವು. ಅವುಗಳಲ್ಲಿ ನನಗೆ ಬೇಕಾದದ್ದು ಒಂದೂ ಇರಲಿಲ್ಲ. ಆ ಹುಡುಗಿ ಒಮ್ಮೆ, ತಪ್ಪಿಯಾದರೂ, ನನ್ನನ್ನು ಕರೆದಿದ್ದರೆ ಸಾಕಿತ್ತು.